ಇಬ್ಬನಿ ಬಿದ್ದರೆ ಟ್ರಿಪ್ ಆಗುತ್ತಿದ್ದ ಲೈನ್

ಮಂಡ್ಯ ಕಡೆಯ ಒಂದು 66 ಕೆವಿ ವಿದ್ಯುತ್ ಲೈನ್ ಚಳಿಗಾಲ ಬಂತೆಂದರೆ ಬೆಳಗಿನ ಜಾವ ಟ್ರಿಪ್ ಆಗುತ್ತಿತ್ತು, ಅಂದರೆ ತಾನಾಗೇ ಆಫ್ ಆಗುತ್ತಿತ್ತು. ಮತ್ತೆ ಚಾರ್ಜ್ ಮಾಡಿದರೆ ಟ್ರಿಪ್ ಆಗದೆ ನಿಲ್ಲುತ್ತಿತ್ತು. ನಾವು ಹತ್ತು ಗಂಟೆಗೆ ಪೆಟ್ರೋಲಿಂಗ್ ಹೋಗಿ, ಒಂದೊಂದು ಟವರ್ ಕೆಳಗೂ ಕತ್ತೆತ್ತಿ ನೋಡಿ, ಏನೂ ಕಾಣದೆ ವಾಪಸ್ ಬರುತ್ತಿದ್ದೆವು. ಕಾರಣ ಗೊತ್ತಾಗದಿದ್ದರೆ ರಿಜಿಸ್ಟರಿನಲ್ಲಿ ಹಕ್ಕಿ ಅಂತ ಬರೆಯುವುದು ಅಭ್ಯಾಸ. ಅದು ತಪ್ಪು, ಹಾಗೆ ಬರೆದ ಮೇಲೆ ಯಾರೂ ಹುಡುಕುವುದಿಲ್ಲ.

ಆಮೇಲೆ ಪಕ್ಕದ ಊರಿನವರೇ ಆದ ನಮ್ಮ ಲೈನ್‌ಮನ್ ಒಬ್ಬರು, "ಸಾರ್, ಬೆಳಗ್ಗೆ ಗದ್ದೆಗೆ ನೀರು ಕಟ್ಟೋಕೆ ಹೋದಾಗ ಆ ಟವರ್ ಚರಚರ ಅಂತದೆ" ಅಂದರು. ಮರುದಿನ ಐದು ಗಂಟೆಗೇ ಹೋದೆವು. ಮಂಜು ಕವಿದಿತ್ತು. ತಂತಿಯನ್ನು ಟವರಿಗೆ ತೂಗುಹಾಕುವ ಇನ್ಸುಲೇಟರ್ ಡಿಸ್ಕ್‌ಗಳ ಮೇಲೆ ನೀಲಿ ಕಿಡಿ ಹರಿದಾಡುತ್ತಿತ್ತು. ಸ್ವಲ್ಪ ದೂರದಲ್ಲೇ ಆಲೆಮನೆ, ಕಬ್ಬಿನ ಸಿಪ್ಪೆ ಉರಿಸಿದ ಹೊಗೆ ನೇರ ಟವರ್ ಕಡೆಗೇ ಬರುತ್ತಿತ್ತು.

ಒಣಗಿದ ಮಸಿ, ಧೂಳಿನಿಂದ ಅಷ್ಟು ತೊಂದರೆ ಇಲ್ಲ. ಅದರ ಮೇಲೆ ಇಬ್ಬನಿ ಕೂತಾಗ ಅದರಲ್ಲಿರುವ ಉಪ್ಪಿನಂಶ ಕರಗಿ ಕರೆಂಟ್ ಹರಿಯಲು ದಾರಿಯಾಗುತ್ತದೆ. ಆ ಕರೆಂಟಿನ ಬಿಸಿಗೆ ಅಲ್ಲಲ್ಲಿ ಒಣಗಿದ ಪಟ್ಟಿಗಳಾಗಿ, ವೋಲ್ಟೇಜ್ ಎಲ್ಲಾ ಆ ಪಟ್ಟಿಗಳ ಮೇಲೇ ಬಿದ್ದು ಕಿಡಿ ಹಾರುತ್ತದೆ, ಕಿಡಿಗಳು ಒಂದಕ್ಕೊಂದು ಕೂಡಿದರೆ ಫ್ಲಾಶ್‌ಓವರ್, ಅಂದರೆ ಕರೆಂಟ್ ಡಿಸ್ಕ್‌ಗಳನ್ನು ದಾಟಿ ಟವರಿಗೆ ಹಾರಿ ಲೈನ್ ಟ್ರಿಪ್. ಬಿಸಿಲೇರಿದ ಮೇಲೆ ಹೋದರೆ ಏನು ಕಾಣುತ್ತದೆ, ಅಲ್ವಾ? ಜೋರು ಮಳೆ ಡಿಸ್ಕಿನ ಮೇಲ್ಭಾಗ ತೊಳೆಯುತ್ತದೆ, ಅಡಿಭಾಗದ ಸಂದುಗಳಲ್ಲಿ ಕೂತ ಮಸಿ ಹಾಗೇ ಉಳಿಯುತ್ತದೆ. ಜಾಸ್ತಿ ಅಪಾಯ ಇಬ್ಬನಿ, ತುಂತುರು ಮಳೆಯಿಂದಲೇ.

ಎಲ್‌ಸಿ (ಲೈನ್ ಆಫ್ ಮಾಡಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು, ಎರಡೂ ಕಡೆ ಅರ್ತ್ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಬಟ್ಟೆ ಕಪ್ಪಗೆ ಅಂಟಂಟಾಯಿತು. ಆ ಚಳಿಗಾಲ ಅಲ್ಲಿ ಮತ್ತೆ ಟ್ರಿಪ್ ಇಲ್ಲ. ಆದರೆ ಪ್ರತಿ ವರ್ಷ ಒರೆಸುತ್ತಾ ಕೂರಲು ಆಗುತ್ತದಾ?

ಲೆಕ್ಕ ಹಾಕಿದೆ. ಒಂದು ಡಿಸ್ಕಿನ ಮೈಮೇಲಿನ ದಾರಿ ಸುಮಾರು 290 ಮಿ.ಮೀ., ಸಾಲಿನ ಐದು ಡಿಸ್ಕಿಗೆ 1450. ಲೈನಿನ ಗರಿಷ್ಠ ವೋಲ್ಟೇಜ್ 72.5 ಕೆವಿಯಿಂದ ಭಾಗಿಸಿದರೆ ಕೆವಿಗೆ 20 ಮಿ.ಮೀ. ಹೊಗೆ ಜಾಸ್ತಿ ಇರುವ ಕಡೆ 25 ಆದರೂ ಬೇಕು. ಡಿಸ್ಕ್ ಸಂಖ್ಯೆ ಹೆಚ್ಚಿಸಿದರೆ ತಂತಿ ಕೆಳಗಿಳಿಯುತ್ತದೆ, ಕೆಳಗೆ ಕಬ್ಬಿನ ಲಾರಿ ಓಡಾಡುತ್ತವೆ. ಅದಕ್ಕೇ ಅಡಿಭಾಗದಲ್ಲಿ ಆಳದ ಅಂಚುಗಳಿರುವ ಆಂಟಿಫಾಗ್ ಡಿಸ್ಕ್ ಕೇಳಿ ಹಾಕಿಸಿದೆವು. ಎತ್ತರ ಹೆಚ್ಚು ಕಡಿಮೆ ಅಷ್ಟೇ, ದಾರಿ ಸುಮಾರು ಒಂದೂವರೆ ಪಟ್ಟು. ನೀರು ಹಬ್ಬಲು ಬಿಡದ ಸಿಲಿಕಾನ್ ರಬ್ಬರಿನ ಇನ್ಸುಲೇಟರ್ ಕೂಡ ಒಳ್ಳೆಯದೇ.

ಈಗ ಡಿಸೆಂಬರ್, ಜನವರಿಯಲ್ಲಿ ನಮ್ಮ ಪೆಟ್ರೋಲಿಂಗ್ ಬೆಳಗ್ಗೆ ಐದಕ್ಕೆ. ಟವರ್ ಚರಚರ ಅಂದರೆ ಆಲೆಮನೆಯವರೇ ಫೋನ್ ಮಾಡುತ್ತಾರೆ.