ಮುಚ್ಚಿದ ಟಾಕೀಸಿನ ಗೋಡೆಯಿಂದ ವರ್ಷ ತೆಗೆದ ಬಗೆ: ನನ್ನ ಅನುಭವ

ಲೆಡ್ಜರ್ ಇಲ್ಲ, ದಿನದ ವಸೂಲಿ ಬರೆಯುವ ಡಿಸಿಆರ್ ಪುಸ್ತಕ ಇಲ್ಲ, ಲೈಸೆನ್ಸ್ ಫೈಲು ಗೆದ್ದಲಿನ ಪಾಲು. ಇನ್ನು ಆ ಟಾಕೀಸಿನ ಚರಿತ್ರೆ ಎಲ್ಲಿಂದ ಬರೆಯುತ್ತೀರಿ ಅಂದವರೇ ಜಾಸ್ತಿ. ಶಿವಮೊಗ್ಗ ಕಡೆಯ ಆ ಕಟ್ಟಡದ ಹೊರಗೋಡೆಯಲ್ಲಿ ಪೋಸ್ಟರ್ ಮೇಲೆ ಪೋಸ್ಟರ್ ಅಂಟಿ ರೊಟ್ಟಿನಂತಾಗಿತ್ತು. ಅದರಿಂದ ಬಿಡಿಸಿದ್ದು ಸುಮಾರು 46 ಪದರ. 39ಕ್ಕೆ ವರ್ಷ ಕೂತಿದೆ, ಅನುಮಾನಕ್ಕೆ ಎಡೆಯಿಲ್ಲದಂತೆ.

ಮೊದಲ ಪಟ್ಟಿ ಪೂರ್ತಿ ಹಾಳು. ಚಿತ್ರ ಬಿಡುಗಡೆಯಾದ ವರ್ಷವನ್ನೇ ಪದರದ ವರ್ಷವೆಂದು ಹಿಡಿದದ್ದು ಕಾರಣ. ಮಲೆನಾಡಿನ ಸಣ್ಣ ಊರಿಗೆ ಪ್ರಿಂಟ್ ಬರುತ್ತಿದ್ದದ್ದು ದೊಡ್ಡ ಊರುಗಳಲ್ಲಿ ಓಡಿ ಗೀರು ಬಿದ್ದ ಮೇಲೆ. ಹಳೇ ಚಿತ್ರ ಮತ್ತೆ ಹಾಕುವುದೂ ಮಾಮೂಲು. ಹಾಗಾಗಿ ಮೇಲಿನ ಪದರ ಕೆಳಗಿನದಕ್ಕಿಂತ ಹಳೆಯದಾಗಿ ಬರುತ್ತಿತ್ತು. ಮೂರು ತಿಂಗಳ ಕೆಲಸ ಹೋಯಿತು.

ದಾರಿ ಸಿಕ್ಕಿದ್ದು ಪೋಸ್ಟರಿನ ಕೆಳತುದಿಗೆ ಅಂಟಿಸುತ್ತಿದ್ದ, ಆಟದ ದಿನ ತಿಳಿಸುವ ಸ್ಲಿಪ್ಪಿನಲ್ಲಿ. ಟ್ರೆಡಲ್ (ಕಾಲಲ್ಲಿ ತುಳಿದು ನಡೆಸುವ) ಪ್ರೆಸ್ಸಿನವರು ತಾರೀಖು, ವಾರ ಹಾಕುತ್ತಿದ್ದರು, ಇಸವಿ ಹಾಕುತ್ತಿರಲಿಲ್ಲ. ಅಷ್ಟೇ ಸಾಕು. ತಾರೀಖು, ತಿಂಗಳು, ವಾರ ಮೂರೂ ಕೂಡುವುದು 28 ವರ್ಷಕ್ಕೆ ನಾಲ್ಕೇ ಸಲ. ಉದಾಹರಣೆಗೆ ಜನವರಿ 26 ಶುಕ್ರವಾರ ಬಂದದ್ದು 1968, 1973, 1979, 1990ರಲ್ಲಿ, ಮುಂದಿನ ಸುತ್ತಿನಲ್ಲಿ ಮತ್ತೆ 1996ರಲ್ಲಿ. ಸ್ಲಿಪ್ಪಿನ ತುದಿಯಲ್ಲಿ ಪ್ರೆಸ್ಸಿನ ಹೆಸರು, ಊರು ಇರಲೇಬೇಕಿತ್ತು, 1867ರ ಮುದ್ರಣ ಕಾಯ್ದೆಯಿಂದ ಬಂದ ಪದ್ಧತಿ ಅದು. ಅಲ್ಲಿ 577201 ಅಂತ ಪಿನ್‌ಕೋಡ್ ಕಂಡರೆ 1968 ಪಟ್ಟಿಯಿಂದ ಬಿತ್ತು, ಪಿನ್‌ಕೋಡ್ ಶುರುವಾದದ್ದೇ 1972ರ ಆಗಸ್ಟ್ 15ಕ್ಕೆ. ಅದೇ ಪದರದೊಳಗೆ ಸಿಕ್ಕಿಕೊಂಡ ಟಿಕೆಟ್ ಚೂರಿನ ಮೇಲೆ ‘ಕರ್ನಾಟಕ’ ಎಂದಿದ್ದರೆ 1973ರ ಜನವರಿಯೂ ಬಿತ್ತು, ಆ ಹೆಸರು ಬಂದದ್ದು ಆ ವರ್ಷ ನವೆಂಬರ್ 1ಕ್ಕೆ. ಪೋಸ್ಟರಿನಲ್ಲಿ ‘ಯು/ಎ’ ಎಂಬ ಸೆನ್ಸಾರ್ ದರ್ಜೆ ಇದ್ದರೆ 1983ರಿಂದ ಈಚಿನದು. ಉಳಿದ ಎರಡು ಮೂರರಲ್ಲಿ ಯಾವುದೆಂದು ಮೇಲಿನ, ಕೆಳಗಿನ ಪದರ ತೀರ್ಮಾನಿಸುತ್ತವೆ.

ಇಲ್ಲೊಂದು ಎಚ್ಚರಿಕೆ. ಈ ಗುರುತುಗಳು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಮಾತ್ರ ಹೇಳುತ್ತವೆ. ‘ಮೈಸೂರು’ ಎಂದು ಅಚ್ಚಾದ ಟಿಕೆಟ್ಟನ್ನು ಹಳೇ ಸ್ಟಾಕ್ ಮುಗಿಯುವ ತನಕ ಹರಿದು ಕೊಟ್ಟಿರುತ್ತಾರೆ. ಆಣೆ ದರದ ಟಿಕೆಟ್ ಸಿಕ್ಕಿದ ಮಾತ್ರಕ್ಕೆ 1957ರ ಏಪ್ರಿಲ್‌ಗಿಂತ ಹಿಂದಿನದು ಎಂದು ಷರಾ ಬರೆಯಬೇಡಿ.

ಇನ್ನು ಬಿಡಿಸುವ ಕೆಲಸ. ಕಡುಬಿನ ಪಾತ್ರೆಗೆ ಪೈಪು ಕಟ್ಟಿ ಹಬೆ ಹಿಡಿದದ್ದು ದೊಡ್ಡ ನಷ್ಟ. ಪೋಸ್ಟರಿನ ಆಫ್‌ಸೆಟ್ ಮಸಿ ತಡೆದುಕೊಂಡಿತು, ಕೆಲವು ಸ್ಲಿಪ್ಪಿನ ರಬ್ಬರ್ ಸ್ಟ್ಯಾಂಪಿನ ನೇರಳೆ ಮಸಿ ಹರಿದು ಐದಾರು ತಾರೀಖು ಅಳಿಸಿಹೋದವು. ಆಮೇಲೆ ಕೈಗೂಡಿದ್ದು ಮಿಥೈಲ್ ಸೆಲ್ಯುಲೋಸ್, ನೀರಿನಲ್ಲಿ ಲೋಳೆಯಾಗುವ ಪುಡಿ: ನೂರಕ್ಕೆ ನಾಲ್ಕರಂತೆ ಕಲಸಿ, ಗಟ್ಟಿ ಗಂಜಿಯ ಹದದಲ್ಲಿ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ 35-40 ನಿಮಿಷ ಬಿಡುವುದು. ಮೈದಾ ಅಂಟು ಮೆತ್ತಗಾದ ಮೇಲೆ ಬಿದಿರಿನ ಸೀಳಿನಿಂದ ಮೂಲೆ ಎತ್ತಬೇಕು, ಲೋಹದ ಚಾಕು ಬೇಡ. ಮೈಲುತುತ್ತ ಹಾಕಿ ಕಾಯಿಸಿದ ಅಂಟಿನ ಪದರಗಳು ತುಸು ಹಸಿರು ಕಾಣುತ್ತವೆ, ಹುಳ ಮುಟ್ಟಿರುವುದಿಲ್ಲ. ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ಸೀಮೆಯಲ್ಲಿ ಅದು ಎಲ್ಲ ಮನೆಯಲ್ಲೂ ಇರುವ ಸಾಮಾನು.

ಒಣಗಿಸುವುದು ಒತ್ತುಕಾಗದದ (ಬ್ಲಾಟಿಂಗ್ ಪೇಪರಿನ) ನಡುವೆ, ಮೇಲೆ ಹಲಗೆ ಭಾರ, ದಿನಕ್ಕೆ ಎರಡು ಸಲ ಕಾಗದ ಬದಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈಹಾಕಲೇಬಾರದು. ಮಳೆಗಾಲದಲ್ಲಿ ಬಿಡಿಸಿದ ಮೊದಲ ಆರು ಪದರಕ್ಕೆ ನಾಲ್ಕೇ ದಿನದಲ್ಲಿ ಕರಿಬೂಷ್ಟು ಬಂತು. ಲ್ಯಾಮಿನೇಷನ್‌ಗೆ ಎರಡೂವರೆ ಸಾವಿರ ಸುರಿದದ್ದೂ ದಂಡ, ತೇವ ಒಳಗೇ ಉಳಿದು ಕಾಗದ ಉಬ್ಬಿತು. ಒಟ್ಟು ಖರ್ಚು ಹದಿನಾಲ್ಕು ಸಾವಿರದ ಆಸುಪಾಸು, ಅರ್ಧ ಒತ್ತುಕಾಗದಕ್ಕೇ.

ನಡುವೆ ಮೊಳಕೆ ರಾಗಿಯ ನೀರನ್ನೂ ಪ್ರಯೋಗಿಸಿ ನೋಡಿದ್ದುಂಟು. ಮೊಳಕೆ ಹಿಟ್ಟು ಬಿದ್ದರೆ ಗಂಜಿ ನೀರಾಗುವುದು ಮಕ್ಕಳಿಗೆ ರಾಗಿ ಸರಿ ಕಾಯಿಸುವವರಿಗೆಲ್ಲ ಗೊತ್ತು. ಮೊಳಕೆಯಲ್ಲಿರುವ, ಪಿಷ್ಟ ಒಡೆಯುವ ಅದೇ ಅಮೈಲೇಸ್ ಕಿಣ್ವ ಮೈದಾ ಅಂಟನ್ನೂ ಕರಗಿಸುತ್ತದೆ. ಸೋಸದೆ ಬಳಸಿದರೆ ಕಂದು ಕಲೆ. ಕಲೆಯಿಲ್ಲದೆ ಮಾಡುವ ಹದ ಈಗ ಸಿಕ್ಕಿದೆ, ಅಳತೆಯನ್ನು ಇಲ್ಲಿ ಬರೆಯುವುದಿಲ್ಲ.

ಹೆಸರೇ ಹರಿದುಹೋದ ಪೋಸ್ಟರುಗಳಿಗೆ ಪ್ರೊಜೆಕ್ಟರ್ ಕ್ಯಾಬಿನ್ನಿನ ಗೋಡೆ ನೋಡಿ. ಆಪರೇಟರುಗಳು ಪೆನ್ಸಿಲಿನಲ್ಲಿ ತಾರೀಖು, ರೀಲು, ಅಡಿ ಬರೆದಿರುತ್ತಾರೆ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 13,500 ಅಡಿ ಅಂದರೆ 150 ನಿಮಿಷ, ಸುಮಾರು 4,115 ಮೀಟರ್. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಬರೆದ ಚಿತ್ರದ ಉದ್ದಕ್ಕೆ ಇದನ್ನು ತಾಳೆ ಹಾಕಿ ನಾಲ್ಕು ಚಿತ್ರ ಗುರುತಿಸಿದ್ದಾಗಿದೆ. ಕತ್ತರಿಸಿ ಅಂಟಿಸಿದ ಪ್ರಿಂಟಾದರೆ ಐವತ್ತು, ನೂರು ಅಡಿ ಕಮ್ಮಿ ಬರುತ್ತದೆ, ಅಷ್ಟು ವ್ಯತ್ಯಾಸ ಬಿಟ್ಟುಕೊಡಬೇಕು.

ವರ್ಷ ಕೂರದ ಏಳರಲ್ಲಿ ಐದು ಆ ಹಬೆಗೆ ಸ್ಲಿಪ್ ಕಳೆದುಕೊಂಡವು. ಇನ್ನೆರಡರ ಜೋಡಿ ಪ್ರತಿ ಟಿಕೆಟ್ ಕೌಂಟರಿನ ಪಕ್ಕದ ಗೋಡೆಯಲ್ಲಿ, ಸುಣ್ಣದ ಅಡಿಯಲ್ಲಿದೆ. ಡಿಸೆಂಬರಿನಲ್ಲಿ ಅದನ್ನು ಬಿಡಿಸುವುದು.