ಉಸಿರು ಒಂದಿನ ಸರಿ ಒಂದಿನ ಇಲ್ಲ ಅನ್ನೋರಿಗೆ: ಇಎಸ್‌ಐ ದುಡ್ಡು ಕೇಳೋದು ಹೆಂಗೆ

ಮೊದ್ಲೇ ಹೇಳ್ಬಿಡ್ತೀನಿ, ಅಸ್ತಮಾ, ಸಿಒಪಿಡಿಗೆ (ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಕಾಡೋ ಕಾಯಿಲೆ) ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿಗುತ್ತೆ ಅಂತ ಅಲೀಬೇಡಿ, 2016ರ ಕಾಯ್ದೆಯ 21 ಅಂಗವೈಕಲ್ಯದ ಪಟ್ಟಿಲಿ ಅವು ಇಲ್ಲ, ನನ್ನ ಕೇಳಿದ್ರೆ ಅನ್ಯಾಯನೇ. ಆದ್ರೆ ಹಾಸನದಲ್ಲಿ ಗಾರ್ಮೆಂಟ್ಸ್‌ಗೋ ಫ್ಯಾಕ್ಟರಿಗೋ ಹೋಗ್ತಾ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗ್ತಿದ್ರೆ ಒಂದು ದಾರಿ ಇದೆ.

ಕಾಯಿಲೆ ರಜೆಗೆ ಸಂಬಳದ 70%, ವರ್ಷಕ್ಕೆ 91 ದಿನದವರೆಗೆ ಕೊಡ್ತಾರೆ. ಉಸಿರು ಕಟ್ಟಿದ ದಿನಾನೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ಆಮೇಲೆ ನೋಡ್ಕೊಂಡ್ರಾಯ್ತು ಅಂದ್ರೆ ಕಷ್ಟ. ಮೊದಲ 2 ದಿನಕ್ಕೆ ದುಡ್ಡಿಲ್ಲ, ಆದ್ರೆ ಹಿಂದಿನ ರಜೆ ಮುಗಿದು 15 ದಿನದೊಳಗೆ ಮತ್ತೆ ಹುಷಾರು ತಪ್ಪಿದ್ರೆ ಆ 2 ದಿನಾನೂ ಸೇರುತ್ತೆ, ನಮ್ಮಂಥ ಬಂದು ಹೋಗೋ ಕಾಯಿಲೆಗೆ ಇದೇ ಮುಖ್ಯ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ.

ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಹಾಳಾಗೋದು), ಇಂಟರ್‌ಸ್ಟಿಷಿಯಲ್ ಲಂಗ್ ಡಿಸೀಸ್ (ಶ್ವಾಸಕೋಶದ ಒಳಗಿನ ಅಂಗಾಂಶದ ಕಾಯಿಲೆ), ಹಾರ್ಟ್‌ಗೂ ತಾಗಿರೋ ಸಿಒಪಿಡಿ ಆದ್ರೆ, 2 ವರ್ಷ ಸರ್ವೀಸ್ ಆಗಿದ್ರೆ, ಎಕ್ಸ್‌ಟೆಂಡೆಡ್ ಬೆನಿಫಿಟ್ ಅಂತ ಸಂಬಳದ 80% ಸಿಗುತ್ತೆ, ಗರಿಷ್ಠ 2 ವರ್ಷ.

ಡಾಕ್ಟರ್ ಮುಂದೆ ಕೂತಾಗ ‘ಪರ್ವಾಗಿಲ್ಲ ಸಾರ್’ ಅನ್ಬೇಡಿ, ನಮ್ ಜನದ ದೊಡ್ಡ ರೋಗ ಅದು! ಅವತ್ತು ನೀವು ಚೆನ್ನಾಗಿದ್ರೆ ಅವರು ಬರೆಯೋದೂ ಅದನ್ನೇ. ಮನೆ ಕ್ಯಾಲೆಂಡರ್‌ನಲ್ಲೇ ದಿನಾ ಪೀಕ್ ಫ್ಲೋ ನಂಬರ್ (ಎಷ್ಟು ಜೋರಾಗಿ ಊದ್ತೀರಿ ಅಂತ ಮೀಟರ್ ತೋರ್ಸೋದು), ಎಷ್ಟು ಸಲ ಪಂಪ್ (ಇನ್‌ಹೇಲರ್) ಹೊಡ್ಕೊಂಡ್ರಿ, ಮೆಟ್ಲು ಹತ್ತೋಕಾಯ್ತಾ, ರಾತ್ರಿ ಎದ್ದು ಕೂತ್ರಾ, ಚಳಿಗೋ ಧೂಳಿಗೋ ಜಾಸ್ತಿ ಆಯ್ತಾ ಎಲ್ಲಾ ಬರೀರಿ, ಚೆನ್ನಾಗಿದ್ದ ದಿನಾನೂ ಬರೀರಿ, ಇಲ್ಲಾಂದ್ರೆ ಯಾರೂ ನಂಬಲ್ಲ. ಅದರ ಜೊತೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶ ಅಳೆಯೋ ಟೆಸ್ಟ್) ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ ಜೆರಾಕ್ಸ್ ಇಟ್ಕೊಳ್ಳಿ, ಒರಿಜಿನಲ್ ಕೈಬಿಡ್ಬೇಡಿ.