ವಿಭೂತಿ ಗಟ್ಟಿ, ಚೊಂಬು, ಒಂದು ಕಿಟಕಿ: ಬ್ಲೆಂಡರ್‌ನಲ್ಲಿ ಬೆಳಕು-ನೆರಳಿನ ಅಭ್ಯಾಸ

ಮೂರು ವರ್ಷದ ಹಿಂದೆ ಒಂದು ಪಾತ್ರೆ ಅಂಗಡಿಗೆ ಹಿತ್ತಾಳೆ ಚೊಂಬಿನ ಚಿತ್ರ ಮಾಡಿಕೊಟ್ಟೆ. ಫೋಟೋ ಅಲ್ಲ, ಬ್ಲೆಂಡರ್ ಅನ್ನುವ 3ಡಿ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಐದು ಲೈಟ್ ಹಾಕಿದ್ದೆ. ಅಂಗಡಿಯವರು ಮೊಬೈಲ್ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಚೆನ್ನಾಗಿದೆ, ಆದ್ರೆ ಸ್ನಾನದ ಮನೆ ಮಗ್ಗು ಇದ್ದಂಗಿದೆ" ಎಂದರು. ಮನೆಗೆ ಬಂದು ಆರನೇ ಲೈಟ್ ಹಾಕಿದೆ. ಇನ್ನೂ ಕೆಟ್ಟಿತು.

ಐದಾರು ಲೈಟ್ ಇದ್ದರೆ ಯಾವುದು ಏನು ಮಾಡುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಹಾಕಿದವರಿಗೂ. ಹಾಗಾಗಿ ಎಲ್ಲವನ್ನೂ ಅಳಿಸಿ, ಒಂದು ತಿಂಗಳು ಒಂದೇ ಲೈಟ್ ಅಂತ ಹಟ ಹಿಡಿದೆ. ಆ ತಿಂಗಳಲ್ಲಿ ಮಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮಗೆ ಬೇಕಾಗುವುದು ಬ್ಲೆಂಡರ್ (ಪುಕ್ಕಟೆ ಸಿಗುತ್ತದೆ), ಒಂದು ಕಿಟಕಿ, ಮೊಬೈಲ್ ಕ್ಯಾಮೆರಾ, ಒಂದು ಪೆನ್ಸಿಲ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ. ಅದೊಂದು ನೆಪ ಬೇಡ.

ಮೊದಲು ಲ್ಯಾಪ್‌ಟಾಪ್ ಮುಚ್ಚಿ

ಚಿತ್ರ ಕಲಿಸುವವರು ಸಾಮಾನ್ಯವಾಗಿ ಮೊಟ್ಟೆ ಇಟ್ಟು ನೋಡಿ ಅನ್ನುತ್ತಾರೆ. ತಿಪಟೂರಿನ ನಮ್ಮ ಮನೆಗೆ ಮೊಟ್ಟೆ ಬರುವಂತಿಲ್ಲ. ಟೇಬಲ್ ಟೆನಿಸ್ ಚೆಂಡು ತಂದೆ. ಅದು ತೆಳು, ಬೆಳಕು ಒಳಗೇ ತೂರಿ ನೆರಳಿನ ಭಾಗವೂ ಮಂಕಾಗಿ ಬೆಳಗುತ್ತಿತ್ತು. ಕೊನೆಗೆ ಸರಿಯಾದ ವಸ್ತು ದೇವರ ಕೋಣೆಯಲ್ಲಿ ಸಿಕ್ಕಿತು: ವಿಭೂತಿ ಗಟ್ಟಿ. ಬೆಳ್ಳಗಿದೆ, ಒಂಚೂರೂ ಹೊಳಪಿಲ್ಲ, ಮೇಲ್ಭಾಗ ಗುಂಡಗಿದೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. "ಹಣೆಗೆ ಹಚ್ಕೊಳ್ಳೋದ್ ಬಿಟ್ಟು ಅದನ್ನೇನ್ ದಿಟ್ಟಿಸ್ತಾ ಕೂತಿದ್ದೀಯ?" ಅಂತ ಅಜ್ಜಿ ಬೈದರು. ಹಚ್ಚಿಕೊಂಡೇ ಕೂತೆ.

ಅದನ್ನು ಬೂದು ಬಣ್ಣದ ರಟ್ಟಿನ ಮೇಲೆ, ಕಿಟಕಿಯಿಂದ ಒಂದು ಮೀಟರ್ ದೂರ ಇಡಿ. ನೇರ ಬಿಸಿಲು ಬೀಳಬಾರದು. ಉಳಿದ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಕಣ್ಣು ಅರ್ಧ ಮುಚ್ಚಿ ನೋಡಿ. ಹಾಗೆ ನೋಡಿದರೆ ಸಣ್ಣಪುಟ್ಟ ವಿವರ ಕರಗಿ, ಬೆಳಕು ಕತ್ತಲೆ ಮಾತ್ರ ಉಳಿಯುತ್ತದೆ.

ನಾವು ಎರಡು ಬೇರೆ ಸಂಗತಿಗೆ ನೆರಳು ಅನ್ನುವ ಒಂದೇ ಮಾತು ಹೇಳುತ್ತೇವೆ. ಅಭ್ಯಾಸಕ್ಕೆ ಇದು ಗೊಂದಲ. ವಸ್ತುವಿನ ಮೈಮೇಲೇ ಬೆಳಕು ತಲುಪದ ಭಾಗವನ್ನು ನಾನು ಮೈನೆರಳು ಅನ್ನುತ್ತೇನೆ. ವಸ್ತು ರಟ್ಟಿನ ಮೇಲೆ ಚೆಲ್ಲುವುದು ಬಿದ್ದ ನೆರಳು. ಮೈನೆರಳನ್ನು ಮೊದಲು ನೋಡಿ. ಕಿಟಕಿಗೆ ಮುಖ ಮಾಡಿದ ಕಡೆ ಬೆಳ್ಳಗಿದ್ದು, ಮೈ ತಿರುಗುತ್ತ ಹೋದಂತೆ ಮೆಲ್ಲಗೆ ಕಂದುತ್ತದೆ. ಇದರ ಲೆಕ್ಕವನ್ನು ಲ್ಯಾಂಬರ್ಟ್ ಎಂಬಾತ 1760ರಲ್ಲೇ ಬರೆದಿಟ್ಟಿದ್ದಾನೆ. ಬೆಳಕು ನೇರ ಬಿದ್ದರೆ ಪೂರ್ತಿ, 60 ಡಿಗ್ರಿ ಓರೆಯಾದರೆ ಅರ್ಧ, 90 ಆದರೆ ಸೊನ್ನೆ. ಇವತ್ತಿಗೂ ಹೊಳಪಿಲ್ಲದ ವಸ್ತುವಿಗೆ ಕಂಪ್ಯೂಟರ್ ಹಾಕುವುದು ಇದೇ ಲೆಕ್ಕವನ್ನು.

ಈಗ ತೀರಾ ಕಪ್ಪು ಎಲ್ಲಿದೆ ಹುಡುಕಿ. ಕಿಟಕಿಯಿಂದ ತೀರಾ ದೂರದ ಅಂಚಿನಲ್ಲಿ ಇರಬೇಕು ಅನ್ನಿಸುತ್ತೆ, ಅಲ್ವಾ? ಅಲ್ಲಿಲ್ಲ. ಬೆಳಕು ಮುಗಿಯುವ ಗಡಿ ದಾಟಿದ ಕೂಡಲೇ ಒಂದು ಕಪ್ಪು ಪಟ್ಟಿ ಇದೆ. ಅದರಾಚೆ, ಕೆಳಗಿನ ಅಂಚಿನ ಕಡೆ, ಮತ್ತೆ ಸ್ವಲ್ಪ ತಿಳಿಯಾಗುತ್ತದೆ. ಅದು ರಟ್ಟಿನಿಂದ ಪುಟಿದು ಬಂದ ಬೆಳಕು. ಬಿದ್ದ ನೆರಳಿನಲ್ಲೂ ಎರಡು ವಿಷಯ ನೋಡಿ. ಗಟ್ಟಿಯ ಬುಡದಲ್ಲಿ ಅದರ ಅಂಚು ಚೊಕ್ಕ, ದೂರ ಹೋದಂತೆ ಮಸುಕು. ಗಟ್ಟಿ ರಟ್ಟನ್ನು ಮುಟ್ಟುವ ಜಾಗದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಆ ಗೆರೆ ಇಲ್ಲದಿದ್ದರೆ ವಸ್ತು ಗಾಳಿಯಲ್ಲಿ ತೇಲುತ್ತದೆ.

ಇದನ್ನೆಲ್ಲ ಪೆನ್ಸಿಲ್‌ನಲ್ಲಿ ಹತ್ತು ನಿಮಿಷ ಗೀಚಿ. ಚಂದ ಬರಬೇಕಾಗಿಲ್ಲ. ಆಮೇಲೆ ಮೊಬೈಲ್‌ನಲ್ಲಿ ಬೆಳಕಿನ ಮಟ್ಟ ಲಾಕ್ ಮಾಡಿ ಒಂದು ಫೋಟೋ ತೆಗೆಯಿರಿ.

ಅಳತೆ ತಪ್ಪಿದರೆ ಎಲ್ಲ ತಪ್ಪು

ಈಗ ಬ್ಲೆಂಡರ್ ತೆರೆಯಿರಿ. ತೆರೆದ ಕೂಡಲೇ ಬರುವ ಡಬ್ಬದ ಅಗಲ 2 ಮೀಟರ್. ಅದನ್ನೇ ತಿದ್ದಿ ವಿಭೂತಿ ಗಟ್ಟಿ ಮಾಡಿಕೊಂಡೆ, ಪಕ್ಕದಲ್ಲಿ 1 ಮೀಟರ್ ಏರಿಯಾ ಲೈಟ್ (ಹಲಗೆಯ ಹಾಗೆ ಅಗಲವಾದ ಲೈಟ್) ಇಟ್ಟೆ. ನೆರಳು ಕತ್ತಿಯಲ್ಲಿ ಕೊಯ್ದ ಹಾಗೆ ಬಂತು. ಫೋಟೋದಲ್ಲಿ ಮೆತ್ತಗಿತ್ತು, ಇಲ್ಲಿ ಯಾಕೆ ಹೀಗೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. ನನ್ನ ಗಟ್ಟಿ ಬೀರುವಿನಷ್ಟು ದೊಡ್ಡದಾಗಿತ್ತು, ಅಷ್ಟೆ. ನೆರಳಿನ ಅಂಚು ಚೊಕ್ಕವೋ ಮಸುಕೋ ಅನ್ನುವುದನ್ನು ತೀರ್ಮಾನಿಸುವುದು ವಸ್ತುವಿನಿಂದ ನೋಡಿದಾಗ ಲೈಟ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. 5 ಸೆಂಟಿಮೀಟರ್ ಗಟ್ಟಿಗೆ ಕಿಟಕಿ ಒಂದು ಆಕಾಶ. ಬೀರುವಿಗೆ ಅದೇ ಕಿಟಕಿ ಒಂದು ಕಿಂಡಿ. ಸೂರ್ಯ ಅಷ್ಟು ದೊಡ್ಡವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು, ಅದಕ್ಕೇ ಬಿಸಿಲಿನ ನೆರಳು ಚೊಕ್ಕ.

ಆದ್ದರಿಂದ ಸ್ಕೇಲಿನಲ್ಲಿ ಅಳೆದು, ನಿಜವಾದ ಅಳತೆಯಲ್ಲೇ ಮಾಡಿ. ಎನ್ ಒತ್ತಿದರೆ ವಸ್ತುವಿನ ಅಳತೆ ಪಕ್ಕದಲ್ಲಿ ಬರುತ್ತದೆ. ರೆಂಡರ್‌ಗೆ, ಅಂದರೆ ಲೆಕ್ಕ ಹಾಕಿ ಚಿತ್ರ ತೆಗೆಯುವುದಕ್ಕೆ, ಬೆಳಕು ಪುಟಿಯುವುದನ್ನೂ ಲೆಕ್ಕ ಹಾಕುವ ಸೈಕಲ್ಸ್ ಆರಿಸಿ, ವರ್ಲ್ಡ್‌ನ (ಸುತ್ತಲ ಹಿನ್ನೆಲೆಯ) ಬಣ್ಣ ಪೂರ್ತಿ ಕಪ್ಪು ಮಾಡಿ. ಕಿಟಕಿ ಇರುವ ಜಾಗದಲ್ಲಿ ಕಿಟಕಿಯಷ್ಟೇ ದೊಡ್ಡ ಏರಿಯಾ ಲೈಟ್ ಇಡಿ. ಪವರ್ 10 ವ್ಯಾಟ್‌ನಿಂದ ಶುರು ಮಾಡಿ, ಹೆಚ್ಚು ಕಡಿಮೆ ಮಾಡಿಕೊಳ್ಳಿ. ಈ ವ್ಯಾಟ್ ಬಲ್ಬಿನ ಡಬ್ಬದ ಮೇಲೆ ಬರೆದಿರುವ ವ್ಯಾಟ್ ಅಲ್ಲ. ಅದು ಬಲ್ಬ್ ಎಳೆಯುವ ಕರೆಂಟಿನ ಲೆಕ್ಕ, ಇದು ಹೊರಗೆ ಬರುವ ಬೆಳಕಿನ ಲೆಕ್ಕ. ಗಟ್ಟಿಯ ಬೇಸ್ ಕಲರ್ (ಮೈಬಣ್ಣ; 0 ಅಂದರೆ ಕಪ್ಪು, 1 ಅಂದರೆ ಬಿಳಿ) 0.8 ಸಾಕು. 1 ಕೊಡಬೇಡಿ, ಬಿದ್ದ ಬೆಳಕನ್ನೆಲ್ಲ ಹಾಗೇ ವಾಪಸ್ ಕೊಡುವ ವಸ್ತು ಎಲ್ಲೂ ಇಲ್ಲ. ಕಪ್ಪಿಗೂ ಹಾಗೇ. ಇದ್ದಿಲು ಕೂಡ ಸುಮಾರು 0.04ರಷ್ಟು ಬೆಳಕು ಹಿಂದಿರುಗಿಸುತ್ತದೆ.

ಇಲ್ಲಿಂದ ಆಟ. ಪವರ್ ಮುಟ್ಟದೆ ಲೈಟಿನ ಸೈಜ್ ಮಾತ್ರ ಬದಲಿಸಿ: 2 ಸೆಂಟಿಮೀಟರ್, 20 ಸೆಂಟಿಮೀಟರ್, 1 ಮೀಟರ್. ಮೂರೂ ರೆಂಡರ್ ಉಳಿಸಿಕೊಳ್ಳಿ. ಗಟ್ಟಿಯ ಮೇಲಿನ ಬೆಳಕು ಹೆಚ್ಚೂ ಕಡಿಮೆ ಅಷ್ಟೇ ಇರುತ್ತದೆ, ಅಂಚು ಮಾತ್ರ ಬದಲಾಗುತ್ತದೆ. ಮಾರನೆಯ ದಿನ ಸೈಜ್ ಬಿಟ್ಟು ದೂರ ಬದಲಿಸಿ. ಲೈಟ್ ಚಿಕ್ಕದಿದ್ದಾಗ ದೂರ ಅರ್ಧ ಮಾಡಿದರೆ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಪವರ್ ಕಾಲು ಭಾಗಕ್ಕೆ ಇಳಿಸಿ. ಗಟ್ಟಿ ಮೊದಲಿನಷ್ಟೇ ಬೆಳ್ಳಗಿದ್ದರೂ ಹಿಂದೆ ದೂರದಲ್ಲಿರುವುದೆಲ್ಲ ಕತ್ತಲಾಗುತ್ತದೆ. ಕ್ಯಾಟಲಾಗ್ ಚಿತ್ರದಲ್ಲಿ ಹಿನ್ನೆಲೆ ಕಪ್ಪಾಗಿಸಲು ನಾನು ಈಗಲೂ ಮಾಡುವುದು ಇಷ್ಟೇ, ಲೈಟನ್ನು ಹತ್ತಿರ ತರುತ್ತೇನೆ.

ಗೋಡೆ ಮರೆತಿದ್ದೆ

ಅಳತೆ ಸರಿಯಾದ ಮೇಲೂ ಮೈನೆರಳು ಇದ್ದಿಲಿನ ಹಾಗೆ ಬರುತ್ತಿತ್ತು. ಫೋಟೋದಲ್ಲಿ ಆ ಭಾಗ ಮೆತ್ತಗಿನ ಬೂದು. ಇನ್ನೊಂದು ಲೈಟ್ ಹಾಕುವ ಆಸೆ ಅಲ್ಲೇ ಬಂತು. ತಡೆದುಕೊಂಡು ಕೋಣೆ ನೋಡಿದೆ. ಕೋಣೆಗೆ ಗೋಡೆ ಇದೆ, ನನ್ನ ಬ್ಲೆಂಡರ್ ಕಡತದಲ್ಲಿ ಇಲ್ಲ! ನಾಲ್ಕು ಗೋಡೆ, ಒಂದು ಚಾವಣಿ ಕಟ್ಟಿದೆ. ಲೈಟ್ ಗೋಡೆಯ ಹಿಂದೆ ಸಿಕ್ಕಿಕೊಳ್ಳದ ಹಾಗೆ ಕಿಟಕಿಗೆ ಜಾಗ ಬಿಟ್ಟೆ. ಮೈನೆರಳು ತಾನಾಗೇ ತೆರೆದುಕೊಂಡಿತು. ನಮ್ಮ ಕೋಣೆಗೆ ತಿಳಿ ಹಸಿರು ಬಣ್ಣ ಹೊಡೆದಿದೆ. ಗೋಡೆಗೆ ಆ ಹಸಿರು ಕೊಟ್ಟಾಗ ಗಟ್ಟಿಯ ನೆರಳಿನ ಭಾಗಕ್ಕೂ ಹಸಿರು ಛಾಯೆ ಬಂತು. ಎದ್ದು ಹೋಗಿ ನಿಜವಾದ ಗಟ್ಟಿ ನೋಡಿದೆ. ಅಲ್ಲೂ ಇತ್ತು, ಅಷ್ಟು ದಿನ ಕಂಡಿರಲಿಲ್ಲ.

ಕಂಪ್ಯೂಟರ್ ಚಿತ್ರದವರು ಈ ಕೋಣೆಯನ್ನು ಬಹಳ ಹಿಂದೆಯೇ ಕಟ್ಟಿದ್ದಾರೆ. ಅದರ ಹೆಸರು ಕಾರ್ನೆಲ್ ಬಾಕ್ಸ್. 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಒಂದು ಬದಿ ಗೋಡೆ ಕೆಂಪು, ಇನ್ನೊಂದು ಹಸಿರು, ಉಳಿದದ್ದು ಬಿಳಿ, ಮೇಲೆ ಒಂದು ಲೈಟ್. ನಿಜವಾದ ಡಬ್ಬ ಮತ್ತು ಲೆಕ್ಕದ ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಅದು ಹೆಸರಾಯಿತು. ನೀವೂ ಒಂದು ಕಟ್ಟಿ, ಹತ್ತು ನಿಮಿಷದ ಕೆಲಸ. ಆಮೇಲೆ ರೆಂಡರ್ ಸೆಟ್ಟಿಂಗ್‌ನ ಲೈಟ್ ಪಾತ್ಸ್‌ನಲ್ಲಿ ಡಿಫ್ಯೂಸ್ ಬೌನ್ಸ್ (ಹೊಳಪಿಲ್ಲದ ಮೈಯಿಂದ ಬೆಳಕು ಎಷ್ಟು ಸಲ ಪುಟಿಯಬಹುದು ಅನ್ನುವುದು) 4 ಅಂತ ಇರುತ್ತದೆ. ಅದನ್ನು 0 ಮಾಡಿ ನೋಡಿ, 1 ಮಾಡಿ ನೋಡಿ. ಪುಟಿಯುವ ಬೆಳಕು ಎಷ್ಟು ಕೆಲಸ ಮಾಡುತ್ತದೆ ಅಂತ ಸೊನ್ನೆಯಲ್ಲಿ ಗೊತ್ತಾಗುತ್ತದೆ.

ರೆಂಡರ್ ನಿಧಾನ ಅನ್ನುವವರಿಗೆ: ಅಭ್ಯಾಸಕ್ಕೆ 128 ಸ್ಯಾಂಪಲ್ (ಚಿತ್ರದ ಒಂದೊಂದು ಚುಕ್ಕೆಗೆ ಅಷ್ಟು ಸಲ ಬೆಳಕಿನ ಲೆಕ್ಕ) ಸಾಕು. ಕಾಳುಕಾಳಾಗಿ ಕಂಡರೆ ಕಾಣಲಿ. ಆ ಕಾಳು ಅಳಿಸುವ ಡಿನಾಯ್ಸ್ ಹಾಕಿದರೆ ನೀವು ನೋಡಬೇಕೆಂದಿರುವ ಸಣ್ಣ ಛಾಯೆಯನ್ನೇ ಅದು ಒರೆಸಿಬಿಡುತ್ತದೆ.

ಫೋಟೋಗೆ ಹೋಲಿಸುವಾಗ ಎರಡನ್ನೂ ಕಪ್ಪು-ಬಿಳುಪು ಮಾಡಿಕೊಳ್ಳಿ. ಬಣ್ಣ ಕಣ್ಣನ್ನು ಮೋಸ ಮಾಡುತ್ತದೆ. ಇನ್ನೊಂದು ವಿಷಯ: ಹಳೆಯ ವಿಡಿಯೋ ನೋಡಿ ಅದೇ ಅಂಕಿ ಹಾಕಿದರೂ ನಿಮ್ಮದು ಬೇರೆ ಥರ ಬಂದರೆ ಗಾಬರಿಯಾಗಬೇಡಿ. ಲೆಕ್ಕದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಬ್ಲೆಂಡರ್‌ನ 2.80 ಆವೃತ್ತಿಯಲ್ಲಿ ಫಿಲ್ಮಿಕ್ ಆಗಿತ್ತು, 2023ರಲ್ಲಿ ಬಂದ 4.0ರಿಂದ ಏಜಿಎಕ್ಸ್ ಆಗಿದೆ. ಅಲ್ಲೇ ಫಾಲ್ಸ್ ಕಲರ್ ಅಂತಲೂ ಇದೆ. ಎಲ್ಲಿ ಬೆಳಕು ಉಕ್ಕಿ ಹೋಗಿದೆ, ಎಲ್ಲಿ ಕತ್ತಲು ಹೂತಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ.

ಮಗ್ಗು ಚೊಂಬಾದದ್ದು

ಎರಡು ವಾರ ವಿಭೂತಿಯ ಜೊತೆ ಕಳೆದ ಮೇಲೆ ಚೊಂಬಿಗೆ ಬಂದೆ. ಹಳೆಯ ಕಡತ ತೆರೆದ ಒಂದೇ ನಿಮಿಷಕ್ಕೆ ನಗು ಬಂತು. ಹಳದಿ ಬಣ್ಣ ಕೊಟ್ಟಿದ್ದೆ, ಮೆಟಾಲಿಕ್ (ವಸ್ತು ಲೋಹವೋ ಅಲ್ಲವೋ ಅನ್ನುವ ಅಂಕಿ) ಸೊನ್ನೆ! ಪ್ಲಾಸ್ಟಿಕ್, ಗಾಜು, ಮರದ ಪಾಲಿಷ್, ಇವುಗಳ ಹೊಳಪಿನ ಚುಕ್ಕೆ ಲೈಟಿನ ಬಣ್ಣದಲ್ಲೇ ಇರುತ್ತದೆ. ವಸ್ತು ಹಳದಿ, ಚುಕ್ಕೆ ಬಿಳಿ. ಲೋಹ ಹಾಗಲ್ಲ. ಹಿತ್ತಾಳೆಯ ಹೊಳಪೂ ಹಳದಿ, ತಾಮ್ರದ ಹೊಳಪೂ ಕೆಂಪು. ಹಳದಿ ಮೈ ಮೇಲೆ ಬಿಳಿ ಚುಕ್ಕೆ ಇಟ್ಟು ನಾನು ಮಗ್ಗನ್ನೇ ಮಾಡಿದ್ದೆ, ಅಂಗಡಿಯವರದು ತಪ್ಪೇನಿಲ್ಲ. ಹಳೆಯ ಕಂಪ್ಯೂಟರ್ ಚಿತ್ರಗಳೆಲ್ಲ ಪ್ಲಾಸ್ಟಿಕ್ಕಿನ ಹಾಗೆ ಕಾಣುವುದಕ್ಕೂ ಇದೇ ಒಂದು ಕಾರಣ. ಯೂಟಾ ವಿಶ್ವವಿದ್ಯಾಲಯದ ಬುಯಿ ತುಂಗ್ ಫೋಂಗ್ 1973ರಲ್ಲಿ ಹೊಳಪಿಗೆ ಒಂದು ಸರಳ ಸೂತ್ರ ಕೊಟ್ಟ. ಅದನ್ನು ಬಳಸುವಾಗ ಹೊಳಪು ಬಿಳಿಯಾಗೇ ಉಳಿಯುವುದು ರೂಢಿಯಾಯಿತು.

ಮೆಟಾಲಿಕ್ 1, ರಫ್‌ನೆಸ್ (ಮೈ ಎಷ್ಟು ಒರಟು ಅನ್ನುವ ಅಂಕಿ) 0.2 ಮಾಡಿದೆ. ಚೊಂಬು ಕಪ್ಪಾಯಿತು. ಯಾಕೆಂದರೆ ಲೋಹಕ್ಕೆ ತನ್ನದೇ ಅಂತ ಮೈಬಣ್ಣದ ಬೆಳಕಿಲ್ಲ, ಸುತ್ತ ಇರುವುದನ್ನು ತನ್ನ ಬಣ್ಣ ಬಳಿದು ತೋರಿಸುತ್ತದೆ. ಆ ಹಳೆಯ ಕಡತದಲ್ಲಿ ಸುತ್ತ ಇದ್ದದ್ದು ಕತ್ತಲೆ. ಫೋಟೋ ಸ್ಟುಡಿಯೋದವರು ಪಾತ್ರೆ ಫೋಟೋ ತೆಗೆಯುವಾಗ ಎರಡೂ ಕಡೆ ಥರ್ಮೋಕೋಲ್ ಹಾಳೆ ನಿಲ್ಲಿಸುತ್ತಾರಲ್ಲ, ಅದನ್ನೇ ಮಾಡಿ. ಎಡಕ್ಕೆ ಕಿಟಕಿ-ಲೈಟ್, ಬಲಕ್ಕೆ ಕ್ಯಾಮೆರಾಗೆ ಕಾಣದ ಹಾಗೆ ಒಂದು ಬಿಳಿ ಹಾಳೆ. ಚೊಂಬಿನ ಬಲ ಹೊಟ್ಟೆಯ ಮೇಲೆ ಉದ್ದಕ್ಕೆ ಒಂದು ತಿಳಿ ಪಟ್ಟಿ ಬರುತ್ತದೆ. ಅಂಚು ಹಿನ್ನೆಲೆಯಲ್ಲಿ ಕರಗಿ ಹೋದರೆ ಪಕ್ಕಕ್ಕೆ ಕಪ್ಪು ಹಾಳೆ ಇಡಿ, ಅಂಚು ಎದ್ದು ನಿಲ್ಲುತ್ತದೆ. ಹೊಸ ಲೈಟ್ ಹಾಕಿದ್ದು ಒಂದೂ ಇಲ್ಲ.

ರಫ್‌ನೆಸ್ ಇಡೀ ಚೊಂಬಿಗೆ ಒಂದೇ ಇದ್ದರೆ ಅದು ಈಗಷ್ಟೇ ಕಾರ್ಖಾನೆಯಿಂದ ಬಂದದ್ದು. ನಮ್ಮ ಮನೆಯದು ವರ್ಷಗಟ್ಟಲೆ ಹುಣಸೆಹಣ್ಣಲ್ಲಿ ತಿಕ್ಕಿಸಿಕೊಂಡದ್ದು. ಹೊಟ್ಟೆಯ ಸುತ್ತ ಸಣ್ಣ ಗೀರುಗಳಿವೆ, ಕುತ್ತಿಗೆಯ ಸಂದಿಯಲ್ಲಿ ಮಂಕು. ಒಂದು ನಾಯ್ಸ್ ಟೆಕ್ಸ್ಚರ್ (ಬ್ಲೆಂಡರ್ ತಾನೇ ಮಾಡಿಕೊಡುವ ಅಡ್ಡಾದಿಡ್ಡಿ ಕಲೆ) ಅನ್ನು ಅಡ್ಡಕ್ಕೆ ಎಳೆದು ರಫ್‌ನೆಸ್‌ಗೆ ಜೋಡಿಸಿ, 0.15ರಿಂದ 0.35ರೊಳಗೆ ಆಡಿಸಿ. ಅದಕ್ಕಿಂತ ಜಾಸ್ತಿ ಬೇಡ.

ತೆಂಗಿನ ಹೋಳನ್ನೂ ಒಮ್ಮೆ ಮಾಡಿ ನೋಡಬಹುದು. ಬೆಳಕು ತಿರುಳಿನ ಒಳಗೆ ಸ್ವಲ್ಪ ಇಳಿದು ಹೊರಗೆ ಬರುತ್ತದೆ, ಅದಕ್ಕೆ ಸಬ್‌ಸರ್ಫೇಸ್ ಬೇಕು. ಅದರ ಸ್ಕೇಲನ್ನು ಕೆಲವೇ ಮಿಲಿಮೀಟರ್‌ಗೆ ಇಳಿಸಿ. ಇಲ್ಲದಿದ್ದರೆ ಹೋಳು ಮೇಣದ ಬೊಂಬೆಯಾಗುತ್ತದೆ.

ದೀಪ ಹಚ್ಚುವ ಹೊತ್ತು

ಎರಡನೇ ಲೈಟ್‌ಗೆ ನಾನು ಒಪ್ಪಿಕೊಂಡದ್ದು ನಾಲ್ಕನೇ ವಾರ, ಅದೂ ಒಂದು ಸಂಜೆ ನೋಡಿದ ಮೇಲೆ. ಕಿಟಕಿಯಲ್ಲಿ ಇನ್ನೂ ನೀಲಿ ಬೆಳಕಿತ್ತು, ಅಜ್ಜಿ ಎಣ್ಣೆ ದೀಪ ಹಚ್ಚಿದರು. ಗಟ್ಟಿಗೆ ಎರಡು ನೆರಳು ಬಿದ್ದವು. ದೀಪ ಮುಟ್ಟದ ನೆರಳಿಗೆ ಕಿಟಕಿಯ ನೀಲಿ, ಕಿಟಕಿ ಮುಟ್ಟದ ನೆರಳಿಗೆ ದೀಪದ ಕಿತ್ತಳೆ. ಇದನ್ನು ಮಾಡಲು ದೀಪದ ಜಾಗದಲ್ಲಿ ಒಂದು ಪಾಯಿಂಟ್ ಲೈಟ್ (ಒಂದೇ ಬಿಂದುವಿನಿಂದ ಎಲ್ಲ ಕಡೆ ಚೆಲ್ಲುವ ಲೈಟ್) ಇಡಿ, ರೇಡಿಯಸ್ 1 ಸೆಂಟಿಮೀಟರ್. ಬಣ್ಣವನ್ನು ಕೈಯಲ್ಲಿ ಆರಿಸಬೇಡಿ, ಉಷ್ಣತೆ ಹೇಳಿದರೆ ಬೆಳಕಿನ ಬಣ್ಣ ಕೊಡುವ ಬ್ಲ್ಯಾಕ್‌ಬಾಡಿ ನೋಡ್‌ನಲ್ಲಿ 1900 ಕೆಲ್ವಿನ್ ಕೊಡಿ. ಕಿಟಕಿಗೆ ನಾನು 10000 ಕೊಟ್ಟೆ. ಎರಡರ ಪವರ್ ಸರಿದೂಗಿಸುವುದೇ ಇಲ್ಲಿ ಕಷ್ಟ. ಒಂದು ಗೆದ್ದುಬಿಟ್ಟರೆ ಇನ್ನೊಂದರ ನೆರಳೇ ಮಾಯ.

ಎಚ್‌ಡಿಆರ್‌ಐ (ಒಂದು ಜಾಗದ ಸುತ್ತಲ ಬೆಳಕನ್ನೆಲ್ಲ ಹಿಡಿದಿಟ್ಟ ಚಿತ್ರ, ಅದನ್ನೇ ಲೈಟ್ ಆಗಿ ಬಳಸಬಹುದು) ಬಗ್ಗೆ ಎಲ್ಲರೂ ಕೇಳುತ್ತಾರೆ. ಪಾಲಿ ಹೇವನ್ ಅನ್ನುವ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ನಾನೂ ಬಳಸುತ್ತೇನೆ. ಆದರೆ ಮೊದಲ ತಿಂಗಳು ಬೇಡ. ಮೊದಲ ದಿನವೇ ಚಿತ್ರ ಚೆನ್ನಾಗಿ ಬಂದುಬಿಡುತ್ತದೆ, ಯಾಕೆ ಬಂತು ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ಬಳಸುವಾಗಲೂ ಮೊದಲು ಆ ಚಿತ್ರವನ್ನೇ ತೆರೆದು ನೋಡಿ, ನೆರಳು ಯಾವ ಕಡೆ ಬೀಳುತ್ತದೆ, ಅಂಚು ಹೇಗಿರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ರೆಂಡರ್ ಒತ್ತಿ.

ತಿಂಗಳ ಕೊನೆಗೆ ಚೊಂಬಿನ ರೆಂಡರ್ ಅನ್ನು ಮೊಬೈಲ್‌ಗೆ ಹಾಕಿ ಅಜ್ಜಿಗೆ ತೋರಿಸಿದೆ. ಏನೂ ಹೇಳದೆ, ಕಿಟಕಿ ಯಾವ ಕಡೆ ಇದೆ ಅಂತ ಮಾತ್ರ ಕೇಳಿದೆ. ಎಡಕ್ಕೆ ಬೆರಳು ತೋರಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಇದನ್ನ ತಿಕ್ಕಿದ್ದ್ ಯಾರು? ಕುತ್ಗೆ ಹತ್ರ ಹಂಗೇ ಬಿಟ್ಟವ್ರೆ" ಎಂದರು.